ಕತ್ತರಿಸುವ ಮುನ್ನ ನಾಲಿಗೆ ಹುಡುಕಿ

2011ರ ಮಳೆಗಾಲ. ಉಜಿರೆಯಲ್ಲಿರುವ ತಂಗಿಯ ಮನೆಯಲ್ಲಿ ಪೂಜೆಯ ಊಟ ಮುಗಿಸಿ ನಾನೂ ನನ್ನ ಮಗಳೂ ಬೈಕಿನಲ್ಲಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಹೊರಡುವಾಗಲೇ ತಂಗಿ, ‘ಕತ್ತಲಾಗತ್ತೆ, ಬೆಳಿಗ್ಗೆ ಎದ್ದು ಹೋಗು ಅಣ್ಣಾ’ ಎಂದಿದ್ದಳು. ನಾನು ಕೇಳಲಿಲ್ಲ. ಮರುದಿನ ಮಗಳಿಗೆ ಶಾಲೆ, ನನಗೆ ಕಚೇರಿ. ಘಾಟಿಯ ಅರ್ಧ ದಾರಿಯಲ್ಲಿ, ಮಂಜು ಇಳಿಯುವ ಹೊತ್ತಿಗೆ, ಹೆಡ್‌ಲೈಟು ಒಮ್ಮೆ ಕೆಂಪಗಾಯಿತು. ಮತ್ತೆ ಬೆಳಗಿತು. ಮುಂದಿನ ತಿರುವಿನಲ್ಲಿ ಪೂರ್ತಿ ಆರಿಹೋಯಿತು. ಒಂದು ಕಡೆ ನೀರು ಸುರಿಯುವ ಬಂಡೆ, ಇನ್ನೊಂದು ಕಡೆ ಕಣಿವೆ, ನಡುವೆ ಪ್ಲಾಸ್ಟಿಕ್ ಸುಟ್ಟ ವಾಸನೆ.

ಬೆನ್ನ ಹಿಂದೆ ಕುಳಿತಿದ್ದ ಹನ್ನೆರಡು ವರ್ಷದ ಮಗಳು ಒಂದು ಮಾತೂ ಆಡಲಿಲ್ಲ. ನನ್ನ ಸೊಂಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೆ. ಪುಣ್ಯಕ್ಕೆ ಹಿಂದಿನಿಂದ ಒಂದು ಜೀಪು ಬಂತು. ಅದರ ಚಾಲಕ ನಮ್ಮ ಪರಿಸ್ಥಿತಿ ನೋಡಿ, ಕೊಟ್ಟಿಗೆಹಾರದವರೆಗೂ ನಮ್ಮ ಹಿಂದೆಯೇ ನಿಧಾನವಾಗಿ ಬೆಳಕು ಚೆಲ್ಲುತ್ತಾ ಬಂದ. ಅವನ ಹೆಸರನ್ನೂ ಕೇಳಲು ಮರೆತೆ ಎಂಬ ಕೊರಗು ಈಗಲೂ ಇದೆ.

ಕೊಟ್ಟಿಗೆಹಾರ ಎಂದರೆ ಎಲ್ಲರಿಗೂ ನೀರುದೋಸೆ ನೆನಪಾಗುತ್ತದೆ. ನಮಗೆ ಅಂದು ಬೇಕಾಗಿದ್ದವನು ಆಟೋ ಎಲೆಕ್ಟ್ರಿಷಿಯನ್. ಬಾಗಿಲು ಹಾಕುತ್ತಿದ್ದ ಒಬ್ಬ ವಯಸ್ಸಾದ ಮನುಷ್ಯ ಸಿಕ್ಕ. ಹೆಡ್‌ಲೈಟಿನ ಡೂಮು ಬಿಚ್ಚಿ, ಒಳಗಿನ ಕಪ್ಪು ಟೇಪಿನ ಉಂಡೆಯನ್ನು ಎಳೆದು ಹೊರಗೆ ತೆಗೆದವನೇ ಕೇಳಿದ: ‘ಯಾರ್ ಸಾರ್ ಈ ಗಂಟು ಹಾಕಿದ್ದು?’

ಗಂಟು ಹಾಕಿದ್ದು ನಮ್ಮೂರಿನ ಒಂದು ಗ್ಯಾರೇಜಿನ ಹುಡುಗ. ಹಾಕಿಸಿದ್ದು ನಾನು. ಎರಡು ತಿಂಗಳ ಹಿಂದೆ ಹೆಡ್‌ಲೈಟು ಆಗಾಗ ಮಿಣುಕುತ್ತಿತ್ತು. ಹುಡುಗ ನೋಡಿ, ‘ಕಪ್ಲರ್ ಒಳಗೆ ಒಂದು ಪಿನ್ ಲೂಸ್ ಆಗಿದೆ ಸಾರ್. ಬಿಡಿಸಿ ಬೇರೆ ಹಾಕಬೇಕು, ನಾಳೆ ಬನ್ನಿ’ ಎಂದಿದ್ದ. ನನಗೆ ಅವಸರ. ‘ಕಟ್ ಮಾಡಿ ಜಾಯಿಂಟ್ ಹೊಡಿ ಮಾರಾಯ’ ಎಂದೆ. ಅವನು ಕಪ್ಲರನ್ನೇ ಕತ್ತರಿಸಿ ಎಸೆದು, ಮೂರೂ ವೈರುಗಳನ್ನು ತಿರುಚಿ ಟೇಪು ಸುತ್ತಿದ. ಐದು ನಿಮಿಷದ ಕೆಲಸ. ಆ ಐದು ನಿಮಿಷದ ಬೆಲೆ ಘಾಟಿಯಲ್ಲಿ ಗೊತ್ತಾಯಿತು.

ಕಪ್ಲರ್ ಎಂದರೆ ನಿಮಗೆ ಗೊತ್ತಿರುತ್ತದೆ. ಪುಸ್ತಕದಲ್ಲಿ ಅದು ಕನೆಕ್ಟರ್, ಗ್ಯಾರೇಜಿನಲ್ಲಿ ಕಪ್ಲರ್. ಒಂದಷ್ಟು ವೈರುಗಳ ತುದಿಗೆ ಲೋಹದ ಪಿನ್ನುಗಳಿದ್ದು, ಅವೆಲ್ಲ ಒಂದು ಪ್ಲಾಸ್ಟಿಕ್ ಗೂಡಿನೊಳಗೆ ಸಾಲಾಗಿ ಕುಳಿತಿರುತ್ತವೆ. ಎದುರಿನ ಗೂಡಿನೊಡನೆ ಜೋಡಿಸಿದರೆ ಎಲ್ಲ ವೈರುಗಳೂ ಒಂದೇ ಸಲಕ್ಕೆ ಸೇರುತ್ತವೆ. ಬೈಕು, ಕಾರು, ಟಿ.ವಿ., ಕಂಪ್ಯೂಟರು, ಪ್ರಿಂಟರು, ಮಕ್ಕಳ ರಿಮೋಟ್ ಕಾರು, ಯಾವುದನ್ನು ಬಿಚ್ಚಿದರೂ ಒಳಗೆ ಇಂಥ ಹತ್ತಾರು ಬಿಳಿಯ, ಕರಿಯ ಗೂಡುಗಳು ಕಾಣುತ್ತವೆ.

ಆ ಹಿರಿಯ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತೆರೆದ. ಒಳಗೆ ಗುಜರಿಗೆ ಹೋದ ಗಾಡಿಗಳಿಂದ ಬಿಡಿಸಿಟ್ಟ ಕಪ್ಲರುಗಳು, ಒಂದೊಂದಕ್ಕೂ ಗೇಣುದ್ದದ ವೈರಿನ ಬಾಲ. ನಮ್ಮದಕ್ಕೆ ಹೊಂದುವ ಜೋಡಿಯೊಂದನ್ನು ಹುಡುಕಿದ. ಅದರಲ್ಲಿ ಒಂದು ಪಿನ್ನು ಕಪ್ಪಾಗಿತ್ತು. ಜೇಬಿನಿಂದ ಕೊಡೆಯ ಕಡ್ಡಿಯೊಂದನ್ನು ತೆಗೆದ. ಅದರ ತುದಿಯನ್ನು ಬಡಿದು ಚಪ್ಪಟೆ ಮಾಡಿ, ಅರದಿಂದ ಉಜ್ಜಿ ತೆಳ್ಳಗೆ ಮಾಡಿಕೊಂಡಿದ್ದ. ಕಪ್ಲರಿನ ಬಾಯಿಯೊಳಗೆ ಅದನ್ನು ತೂರಿಸಿ, ಒಂದು ಸಲ ಮೆಲ್ಲಗೆ ಒತ್ತಿ, ಹಿಂದಿನಿಂದ ವೈರನ್ನು ಎರಡು ಬೆರಳಲ್ಲಿ ಹಿಡಿದ. ಕೆಟ್ಟ ಪಿನ್ನು ಬೆಣ್ಣೆಯಿಂದ ಕೂದಲು ಎಳೆದಂತೆ ಹೊರಗೆ ಬಂತು. ಇನ್ನೊಂದು ಕಪ್ಲರಿನಿಂದ ಒಳ್ಳೆಯ ಪಿನ್ನನ್ನು ಹಾಗೆಯೇ ತೆಗೆದು ಖಾಲಿ ಗೂಡಿಗೆ ತಳ್ಳಿದ. ‘ಟಕ್’ ಎಂದಿತು.

‘ಅದು ಹೇಗೆ ಬಂತು ಮಾಮಾ?’ ಅಲ್ಲಿಯವರೆಗೂ ಮಾತೇ ಆಡದಿದ್ದ ಮಗಳು ಕೇಳಿದಳು.

ಆತ ಗೋಡೆಗೆ ಒರಗಿಸಿದ್ದ ಉದ್ದ ಕೋಲಿನ ಕೊಡೆಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟ. ‘ಇದನ್ನ ಮುಚ್ಚು ಪುಟ್ಟಿ.’ ಮಗಳು ಕೋಲಿನಿಂದ ಹೊರಚಾಚಿದ್ದ ಸಣ್ಣ ತಗಡನ್ನು ಹೆಬ್ಬೆರಳಿನಿಂದ ಒತ್ತಿ ಕೊಡೆ ಮುಚ್ಚಿದಳು. ‘ಒತ್ತದೆ ಎಳೆದಿದ್ರೆ?’ ‘ಬರ್ತಿರಲಿಲ್ಲ.’ ‘ಜೋರಾಗಿ ಎಳೆದಿದ್ರೆ?’ ‘ಮುರೀತಿತ್ತು.’ ‘ಹ್ಞಾಂ, ಇದೂ ಅಷ್ಟೆ.’

ನಾನು ಭೌತಶಾಸ್ತ್ರದಲ್ಲಿ ಪದವಿ ಪಡೆದವನು. ಆ ಹಿರಿಯನ ಪಾಠಕ್ಕಿಂತ ಚೊಕ್ಕವಾಗಿ ಹೇಳಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಪಿನ್ನಿನ ಬೆನ್ನ ಮೇಲೆ ಅದೇ ಲೋಹದಲ್ಲಿ ಕತ್ತರಿಸಿ ಎಬ್ಬಿಸಿದ ಒಂದು ಪುಟ್ಟ ನಾಲಿಗೆ ಇರುತ್ತದೆ. ಪಿನ್ನು ಗೂಡಿನೊಳಗೆ ಹೋಗುವಾಗ ಈ ನಾಲಿಗೆ ತಗ್ಗಿ ದಾರಿ ಬಿಡುತ್ತದೆ. ಒಳಗಿನ ಮೆಟ್ಟಿಲು ದಾಟಿದ ಕೂಡಲೇ ಚಿಮ್ಮಿ ಎದ್ದು ನಿಲ್ಲುತ್ತದೆ. ನಾವು ಕೇಳುವ ‘ಟಕ್’ ಅದೇ. ಇನ್ನು ಹಿಂದಕ್ಕೆ ಎಳೆದರೆ ನಾಲಿಗೆಯ ತುದಿ ಮೆಟ್ಟಿಲಿಗೆ ಒದೆಯುತ್ತದೆ, ಗಾಳದ ಮುಳ್ಳಿನ ಹಾಗೆ. ಎಷ್ಟು ಎಳೆದರೆ ಅಷ್ಟು ಬಿಗಿ.

ಆದ್ದರಿಂದ ಪಿನ್ನು ತೆಗೆಯಬೇಕಾದವನು ಮೊದಲು ಮಾಡಬೇಕಾದದ್ದು ತಲೆಕೆಳಗಾದ ಕೆಲಸ. ವೈರನ್ನು ಹಿಂದಕ್ಕೆ ಎಳೆಯುವ ಬದಲು ಮುಂದಕ್ಕೆ, ಅಂದರೆ ಇನ್ನೂ ಒಳಗೆ ತಳ್ಳಬೇಕು. ಕೂದಲೆಳೆಯಷ್ಟು ಸರಿದರೂ ಸಾಕು, ನಾಲಿಗೆಯ ಮೇಲಿನ ಒತ್ತಡ ಇಳಿಯುತ್ತದೆ. ಆಮೇಲೆ ಕಪ್ಲರಿನ ಬಾಯಿಯ ಕಡೆಯಿಂದ, ಪಿನ್ನಿನ ಪಕ್ಕದ ಸಣ್ಣ ಸಂದಿಯಲ್ಲಿ ತೆಳುವಾದ ಚಪ್ಪಟೆ ಕಡ್ಡಿಯನ್ನು ತೂರಿಸಿ ನಾಲಿಗೆಯನ್ನು ತಗ್ಗಿಸಬೇಕು. ತಗ್ಗಿಸಿ ಹಿಡಿದುಕೊಂಡೇ ವೈರನ್ನು ಮೆಲ್ಲಗೆ ಹಿಂದಕ್ಕೆ ತರಬೇಕು. ಬಾರದಿದ್ದರೆ ನಾಲಿಗೆ ಇನ್ನೂ ತಗ್ಗಿಲ್ಲ ಎಂದೇ ಅರ್ಥ. ಎಳೆಯುವ ಕೈ ಹೆಚ್ಚು ಶಕ್ತಿ ಹಾಕತೊಡಗಿದರೆ ಅಲ್ಲಿಗೇ ನಿಲ್ಲಿಸಿ ಇನ್ನೊಮ್ಮೆ ಬೆಳಕು ಹಿಡಿದು ನೋಡುವುದು ಒಳ್ಳೆಯದು.

ಇಷ್ಟೆಲ್ಲ ರಗಳೆ ಏಕೆ, ತಿರುಚಿ ಟೇಪು ಸುತ್ತಿದರೆ ಕರೆಂಟು ಹರಿಯುವುದಿಲ್ಲವೇ ಎಂದು ನೀವು ಕೇಳಬಹುದು. ಹರಿಯುತ್ತದೆ, ಮೊದಲ ದಿನ ಚೆನ್ನಾಗಿಯೇ ಹರಿಯುತ್ತದೆ. ಹತ್ತನೇ ತರಗತಿಯ ಮಕ್ಕಳು ಇಲ್ಲಿ ಪೆನ್ಸಿಲ್ ತೆಗೆದುಕೊಳ್ಳಲಿ. 12 ವೋಲ್ಟಿನ 35 ವ್ಯಾಟಿನ ಹೆಡ್‌ಲೈಟ್ ಬಲ್ಬು ಸುಮಾರು 3 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಒಳ್ಳೆಯ ಪಿನ್ನಿನ ಜೋಡಣೆಯಲ್ಲಿ ರೋಧ ಒಂದು ಓಮಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆಂಪಿಯರಿನ ವರ್ಗವನ್ನು ರೋಧದಿಂದ ಗುಣಿಸಿ: ಅಲ್ಲಿ ಹುಟ್ಟುವ ಶಾಖ ಒಂದು ವ್ಯಾಟಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಅದೇ ತಿರುಚಿದ ಗಂಟು ಮಳೆನೀರು ಕುಡಿದು, ಅಲುಗಾಡಿ ಸಡಿಲವಾಗಿ, ತಾಮ್ರದ ಎಳೆಗಳ ಮೇಲೆ ಕಿಲುಬು ಹತ್ತಿ ರೋಧ ಅರ್ಧ ಓಮಿಗೆ ಏರಿತೆನ್ನಿ. ಆಗ ಬಲ್ಬಿಗೆ ಸಿಗುವ ವೋಲ್ಟೇಜಿನಲ್ಲಿ ಒಂದು ವೋಲ್ಟಿಗೂ ಹೆಚ್ಚು ಕಡಿತ. ಗಂಟಿನಲ್ಲಿ ಸುಮಾರು ಮೂರೂವರೆ ವ್ಯಾಟ್ ಶಾಖ. ಇದು ಹಳೆಯ ಎರಡು ಸೆಲ್ಲಿನ ಟಾರ್ಚಿನ ನಾಲ್ಕು ಬಲ್ಬುಗಳನ್ನು ಬೆಂಡೆಕಾಯಿಯ ತುದಿಯಷ್ಟು ಜಾಗದಲ್ಲಿ ತುಂಬಿ ಟೇಪು ಸುತ್ತಿದಂತೆ! ಬಿಸಿಯಾದಷ್ಟೂ ತಾಮ್ರ ಕಪ್ಪಾಗುತ್ತದೆ, ಕಪ್ಪಾದಷ್ಟೂ ರೋಧ ಏರುತ್ತದೆ, ರೋಧ ಏರಿದಷ್ಟೂ ಬಿಸಿ. ಚಾರ್ಮಾಡಿಯಲ್ಲಿ ಹೆಡ್‌ಲೈಟು ಆರುವ ಮೊದಲು ಕೆಂಪಗಾದ ಕಥೆ ಇದು.

ಪಿನ್ನು ವೈರನ್ನು ಹಿಡಿದುಕೊಳ್ಳುವ ರೀತಿಯೇ ಬೇರೆ. ಅಲ್ಲಿ ಬೆಸುಗೆಯೂ ಇಲ್ಲ, ಗಂಟೂ ಇಲ್ಲ. ಪಿನ್ನಿನ ಹಿಂಭಾಗದ ಎರಡು ರೆಕ್ಕೆಗಳನ್ನು ವೈರಿನ ಎಳೆಗಳ ಸುತ್ತ ಭಾರಿ ಒತ್ತಡದಲ್ಲಿ ಮಡಿಚಿ ಹಿಸುಕುತ್ತಾರೆ. ಇದಕ್ಕೆ ಕ್ರಿಂಪ್ ಎನ್ನುತ್ತಾರೆ. ಸರಿಯಾಗಿ ಕ್ರಿಂಪ್ ಆದ ಕಡೆ ಎಳೆಗಳೂ ಪಿನ್ನೂ ಒಂದಕ್ಕೊಂದು ಅದುಮಿಕೊಂಡು ನಡುವೆ ಗಾಳಿ ನುಸುಳಲೂ ಜಾಗವಿರುವುದಿಲ್ಲ. ಗಾಳಿ ಇಲ್ಲದ ಕಡೆ ಕಿಲುಬೂ ಇಲ್ಲ. ಅಮೆರಿಕದಲ್ಲಿ 1941ರಲ್ಲಿ ಯು. ಎ. ವಿಟೇಕರ್ ಎಂಬಾತ ಆರಂಭಿಸಿದ ಏರ್‌ಕ್ರಾಫ್ಟ್ ಮರೀನ್ ಪ್ರಾಡಕ್ಟ್ಸ್ ಎಂಬ ಕಂಪನಿ ಬೆಳೆದದ್ದೇ ಇದರಿಂದ. ಯುದ್ಧಕಾಲದ ವಿಮಾನಗಳಿಗೂ ಹಡಗುಗಳಿಗೂ ಸಾವಿರಾರು ವೈರುಗಳನ್ನು ಬೆಸುಗೆಯಿಲ್ಲದೆ ಬೇಗಬೇಗ ಜೋಡಿಸಬೇಕಾಗಿತ್ತು. ಇನ್ನೊಂದು ಪ್ರಸಿದ್ಧ ಹೆಸರು ಮೋಲೆಕ್ಸ್. 1938ರಲ್ಲಿ ಹುಟ್ಟಿದಾಗ ಅದು ಕನೆಕ್ಟರಿನ ಹೆಸರಲ್ಲ, ಫ್ರೆಡರಿಕ್ ಕ್ರೇಬಿಲ್ ಎಂಬಾತ ತಯಾರಿಸಿದ ಒಂದು ಬಗೆಯ ಪ್ಲಾಸ್ಟಿಕ್ಕಿನ ಹೆಸರು. ಅದರಿಂದ ಹೂಕುಂಡಗಳನ್ನು ಮಾಡುತ್ತಿದ್ದರು. ಹೂಕುಂಡದವರು ಪಿನ್ನಿನ ಗೂಡಿಗೆ ಬಂದದ್ದು ಆಮೇಲೆ.

ಘಾಟಿಯಿಂದ ಮನೆಗೆ ಬಂದ ಮೇಲೆ ನನ್ನ ಮಗಳಿಗೆ ಕಪ್ಲರುಗಳ ಹುಚ್ಚು ಹಿಡಿಯಿತು. ಅಟ್ಟದ ಮೇಲಿನ ಸತ್ತ ಪ್ರಿಂಟರು, ಹಳೆಯ ಟೇಪ್‌ರೆಕಾರ್ಡರು, ಪಕ್ಕದ ಮನೆಯವರ ಎಸೆಯುವ ಡಿ.ವಿ.ಡಿ. ಪ್ಲೇಯರು ಎಲ್ಲವೂ ಅವಳ ಮುಂದೆ ಬಿಚ್ಚಿಕೊಂಡವು. ಅವಳಮ್ಮನ ಸೀರೆಯ ಪಿನ್ನುಗಳು ಒಂದೊಂದಾಗಿ ಕಾಣೆಯಾದವು. ಕೆಲವೇ ದಿನಗಳಲ್ಲಿ ಅವಳು ಕಂಡುಕೊಂಡ ಸತ್ಯ: ನಾಲಿಗೆ ಯಾವಾಗಲೂ ಪಿನ್ನಿನ ಮೇಲೆಯೇ ಇರುವುದಿಲ್ಲ.

ಕೆಲವು ಜಾತಿಯಲ್ಲಿ ನಾಲಿಗೆ ಪ್ಲಾಸ್ಟಿಕ್ ಗೂಡಿಗೇ ಸೇರಿರುತ್ತದೆ. ಪಿನ್ನಿನ ಮೈಯಲ್ಲಿ ಒಂದು ಕಚ್ಚು ಮಾತ್ರ. ಇವತ್ತು ಎಂಜಿನಿಯರಿಂಗ್, ಡಿಪ್ಲೊಮಾ ಮಕ್ಕಳು ತಮ್ಮ ಪ್ರಾಜೆಕ್ಟುಗಳಿಗೆ ಬಳಸುವ ಬಣ್ಣಬಣ್ಣದ ಜಂಪರ್ ವೈರುಗಳ ಕರಿಯ ಗೂಡು ಈ ಜಾತಿಯದು. ಅದರ ಒಂದು ಮುಖದಲ್ಲಿ ಪುಟ್ಟ ಕಿಟಕಿ, ಕಿಟಕಿಗೆ ಪ್ಲಾಸ್ಟಿಕ್ಕಿನ ಒಂದು ರೆಪ್ಪೆ. ಸೂಜಿಯ ತುದಿಯಿಂದ ರೆಪ್ಪೆಯನ್ನು ಸ್ವಲ್ಪ, ಸ್ವಲ್ಪವೇ, ಮೇಲಕ್ಕೆತ್ತಿದರೆ ಪಿನ್ನು ಹೊರಗೆ ಜಾರುತ್ತದೆ. ಹೆಚ್ಚು ಎತ್ತಿದರೆ ರೆಪ್ಪೆ ಬಿಳಿಚಿ ಮುರಿಯುತ್ತದೆ. ಒಂದೊಂದು ಗೂಡಿನ ಆರು ವೈರುಗಳನ್ನು ಬಿಡಿಸಿ ಆರು ಪಿನ್ನಿನ ಒಂದೇ ಗೂಡಿಗೆ ಹಾಕಿಕೊಂಡರೆ, ವಸ್ತುಪ್ರದರ್ಶನದ ದಿನ ಬೆಳಿಗ್ಗೆ ಯಾವ ವೈರು ಎಲ್ಲಿಗೆ ಎಂದು ಅಳುತ್ತಾ ಕೂರುವುದು ತಪ್ಪುತ್ತದೆ. ಇದು ಅನುಭವದ ಮಾತು.

ಅಂದ ಹಾಗೆ, ಈ ಕರಿಯ ಗೂಡಿನಲ್ಲಿ ಪಿನ್ನಿನಿಂದ ಪಿನ್ನಿಗೆ ದೂರ 2.54 ಮಿಲಿಮೀಟರು, ಅಂದರೆ ಅಂಗುಲದ ಹತ್ತನೇ ಒಂದು ಭಾಗ. ಅದನ್ನೇ ಹೋಲುವ ಜಪಾನಿನ ಬಿಳಿಯ ಗೂಡಿನಲ್ಲಿ, ಜೆ.ಎಸ್.ಟಿ. ಕಂಪನಿಯ ಎಕ್ಸ್.ಎಚ್. ಎಂಬ ಜಾತಿಯದರಲ್ಲಿ, ಈ ದೂರ 2.5 ಮಿಲಿಮೀಟರು. ಎರಡು ಪಿನ್ನಿನದಾದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹತ್ತು ಪಿನ್ನಿನದಾದರೆ ಕೊನೆಯ ಪಿನ್ನು 0.36 ಮಿಲಿಮೀಟರು ಆಚೆ ಹೋಗಿರುತ್ತದೆ. ಮಕ್ಕಳು ಒತ್ತುತ್ತಾರೆ, ಪಿನ್ನು ಬಾಗುತ್ತದೆ, ತಪ್ಪು ಯಾರದೆಂದು ಯಾರಿಗೂ ತಿಳಿಯುವುದಿಲ್ಲ! ಈ ಬಿಳಿಯ ಗೂಡಿನಲ್ಲಿ ನಾಲಿಗೆ ಪಿನ್ನಿನ ಮೇಲೆಯೇ ಇದ್ದು, ಪಕ್ಕದ ಕಿಟಕಿಯಲ್ಲಿ ಹೊಳೆಯುತ್ತಾ ಕಾಣುತ್ತದೆ. ಸೂಜಿಯಿಂದ ಅಲ್ಲೇ ಒತ್ತಿದರಾಯಿತು.

ಮೂರನೆಯ ಜಾತಿ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಬರುತ್ತಿದ್ದ ನಾಲ್ಕು ವೈರಿನ ದೊಡ್ಡ ಗೂಡು. ಹಳದಿ ವೈರಿನಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್, ನಡುವಿನ ಎರಡು ಕಪ್ಪು ವೈರುಗಳು ಅರ್ತಿಂಗ್. ಇದರ ಪಿನ್ನು ದುಂಡಗಿದ್ದು ಎರಡೂ ಪಕ್ಕಗಳಲ್ಲಿ ಒಂದೊಂದು ನಾಲಿಗೆ. ಒಂದನ್ನು ಒತ್ತಿದರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಪಿನ್ನಿನ ಮೇಲೆ ಟೋಪಿಯಂತೆ ಕೂರುವ ಒಂದು ತೆಳು ಕೊಳವೆ ಬೇಕು. ಅದನ್ನು ತೂರಿಸಿದರೆ ಎರಡೂ ನಾಲಿಗೆಗಳು ಒಟ್ಟಿಗೆ ತಗ್ಗುತ್ತವೆ. ನನ್ನ ಮಗಳು ಹಳೆಯ ಟ್ರಾನ್ಸಿಸ್ಟರಿನ ಏರಿಯಲ್ಲಿನ ತುದಿಯ ತುಂಡನ್ನು ಕತ್ತರಿಸಿ ಕೊಳವೆ ಮಾಡಿಕೊಂಡಳು. ಅದು ನನ್ನ ಅಪ್ಪನ ಕಾಲದ ಟ್ರಾನ್ಸಿಸ್ಟರು. ನನಗೆ ಹೇಳದೆ ಕತ್ತರಿಸಿದ್ದಳು, ಇರಲಿ.

ಈ ನಾಲ್ಕು ವೈರಿನ ಗೂಡಿನ ವಿಷಯದಲ್ಲಿ ಒಂದು ನೋವಿನ ಕಥೆ ಇದೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಈ ಗೂಡು ಒಡೆದಿತ್ತು. ಮಗಳು ಪಿನ್ನುಗಳನ್ನು ತೆಗೆದು ಹೊಸ ಗೂಡಿಗೆ ಹಾಕಲು ಕುಳಿತಳು. ಮೊದಲು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು, ಯಾವ ಬಣ್ಣ ಯಾವ ಮನೆಗೆ ಎಂದು ಗುರುತು ಹಾಕುತ್ತಿದ್ದಳು. ನಾನು, ‘ನಾಲ್ಕು ವೈರಿಗೆ ಚಿತ್ರ ಯಾಕೆ, ಕೊಡಿಲ್ಲಿ’ ಎಂದು ಕಿತ್ತುಕೊಂಡು ಹಾಕಿದೆ. ಗೂಡನ್ನು ತಿರುವಿ ಹಿಡಿದಿದ್ದೆ. ಹಳದಿ ಇರಬೇಕಾದ ಕಡೆ ಕೆಂಪು, ಕೆಂಪಿನ ಕಡೆ ಹಳದಿ. ಸ್ವಿಚ್ಚು ಹಾಕಿದಾಗ ಸದ್ದೇನೂ ಆಗಲಿಲ್ಲ. 5 ವೋಲ್ಟಿನ ಚಿಪ್ಪುಗಳಿಗೆ 12 ವೋಲ್ಟ್ ಕುಡಿಸಿದ್ದೆ. ಆ ಡಿಸ್ಕಿನಲ್ಲಿ ನನ್ನ ಅಮ್ಮನ ಕೊನೆಯ ವರ್ಷದ ಫೋಟೋಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಮಗಳು ಏನೂ ಅನ್ನಲಿಲ್ಲ. ಆ ನೋಟ್‌ಬುಕ್ಕಿನ ಪುಟದಲ್ಲಿ ಎರಡು ಮನೆಗಳಿಗೆ ಮಾತ್ರ ಬಣ್ಣದ ಹೆಸರು ಬರೆದಿದ್ದಿದೆ, ಉಳಿದೆರಡು ಖಾಲಿ.

ಇನ್ನು ಪಿನ್ನನ್ನು ಮರುಬಳಕೆ ಮಾಡುವ ಮಾತು. ಇಲ್ಲಿ ಹಲವರು ಎಡವುತ್ತಾರೆ. ಗೂಡಿನಿಂದ ಪಿನ್ನು ಬಿಡಿಸುವುದು ಸರಿ. ವೈರಿನಿಂದ ಪಿನ್ನು ಬಿಡಿಸುವುದು ತಪ್ಪು. ಒಮ್ಮೆ ಹಿಸುಕಿದ ರೆಕ್ಕೆಗಳನ್ನು ಬಿಡಿಸಿ ಮತ್ತೆ ಹಿಸುಕಿದರೆ ಲೋಹ ಗಡುಸಾಗಿ ಬಿರಿಯುತ್ತದೆ. ಬಿರಿಯದಿದ್ದರೂ ಮೊದಲಿನ ಬಿಗಿ ಬಾರದು. ಕೊಟ್ಟಿಗೆಹಾರದ ಡಬ್ಬದಲ್ಲಿ ಪ್ರತಿ ಕಪ್ಲರಿಗೂ ಗೇಣುದ್ದದ ಬಾಲ ಇದ್ದದ್ದು ಇದಕ್ಕೇ. ಬಾಲವಿದ್ದರೆ ಕಾರ್ಖಾನೆಯ ಕ್ರಿಂಪು ಹಾಗೆಯೇ ಉಳಿಯುತ್ತದೆ. ಜೋಡಣೆಯನ್ನು ಬಾಲದಲ್ಲಿ ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗುವ ಸ್ಲೀವು ಹೊದಿಸಿದರೆ ನೀರೂ ಇಳಿಯುವುದಿಲ್ಲ. ಗುಜರಿಗೆ ಹೋಗುವ ಯಂತ್ರದಿಂದ ಕಪ್ಲರ್ ತೆಗೆಯುವ ಮಕ್ಕಳು ವೈರನ್ನು ಬುಡಕ್ಕೇ ಕತ್ತರಿಸದೆ ಉದ್ದ ಬಿಟ್ಟು ಕತ್ತರಿಸಲಿ.

ಹೊರಬಂದ ಪಿನ್ನಿನ ನಾಲಿಗೆ ತಗ್ಗಿಯೇ ಇರುತ್ತದೆ. ಹಾಗೆಯೇ ಮತ್ತೆ ಹಾಕಿದರೆ ಒಳಗೆ ಹೋಗುತ್ತದೆ, ‘ಟಕ್’ ಎನ್ನುವುದಿಲ್ಲ, ಎದುರಿನ ಪಿನ್ನು ಒತ್ತಿದ ಕೂಡಲೇ ಹಿಂದೆ ಸರಿದು ಕೂರುತ್ತದೆ. ನಮ್ಮ ಬೈಕಿನಲ್ಲಿ ಮೊದಲು ಆಗಿದ್ದ ತೊಂದರೆ ಇದೇ ಇರಬೇಕು. ಹಾಕುವ ಮುನ್ನ ಚಾಕುವಿನ ತುದಿಯಿಂದ ನಾಲಿಗೆಯನ್ನು ಮೊದಲಿದ್ದಷ್ಟೇ ಎತ್ತರಕ್ಕೆ ಎಬ್ಬಿಸಬೇಕು. ಎರಡು ಮೂರು ಸಲ ಹೀಗೆ ಮಾಡಬಹುದು. ಆಮೇಲೆ ನಾಲಿಗೆ ಬುಡದಲ್ಲಿ ಮುರಿಯುತ್ತದೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ತುಂಡು ಮಾಡುವ ಹಾಗೆ. ಹಾಕಿದ ಮೇಲೆ ವೈರನ್ನು ಹಗುರವಾಗಿ ಜಗ್ಗಿ ನೋಡಿ. ಕಾರಿನ ಕಪ್ಲರುಗಳಲ್ಲಿ ಇದರ ಜೊತೆಗೆ ಬೇರೆ ಬಣ್ಣದ ಒಂದು ಪ್ಲಾಸ್ಟಿಕ್ ಪಟ್ಟಿ ಇರುವುದುಂಟು. ಅದು ಬಾಗಿಲಿನ ಅಗುಳಿ ಇದ್ದಂತೆ. ತೆಗೆಯುವಾಗ ಮೊದಲು ಅಗುಳಿ ಸರಿಸಬೇಕು, ಹಾಕಿದ ಮೇಲೆ ಅಗುಳಿ ಜಡಿಯಬೇಕು. ಯಾವುದಾದರೊಂದು ಪಿನ್ನು ಪೂರ್ತಿ ಕೂರದಿದ್ದರೆ ಅಗುಳಿ ಹೋಗುವುದೇ ಇಲ್ಲ. ಬಲವಂತ ಮಾಡಬೇಡಿ, ಅದು ನಿಮಗೆ ಏನೋ ಹೇಳುತ್ತಿದೆ.

ಪೂರ್ತಿ ಕೂರದ ಕನೆಕ್ಟರು ಎಂಥೆಂಥವರನ್ನು ಬೇಸ್ತು ಬೀಳಿಸಿದೆ ಎನ್ನುವುದಕ್ಕೆ ಒಂದು ಉದಾಹರಣೆ. ನಾವು ಚಾರ್ಮಾಡಿಯಲ್ಲಿ ಕತ್ತಲಲ್ಲಿ ನಿಂತ ಅದೇ 2011ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಒಪೆರಾ ಪ್ರಯೋಗದ ವಿಜ್ಞಾನಿಗಳು ಜಗತ್ತೇ ಬೆರಗಾಗುವ ಸುದ್ದಿ ಕೊಟ್ಟರು. ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಿಂದ ಹೊರಟ ನ್ಯೂಟ್ರಿನೊ ಕಣಗಳು ಸುಮಾರು 730 ಕಿಲೋಮೀಟರು ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಶಾಲೆಯನ್ನು ಬೆಳಕಿಗಿಂತ 60 ನ್ಯಾನೊಸೆಕೆಂಡು ಮೊದಲೇ ಮುಟ್ಟಿವೆ ಎಂದು. ಐನ್‌ಸ್ಟೈನ್ ತಪ್ಪೇ ಎಂದು ಪತ್ರಿಕೆಗಳೆಲ್ಲ ಬರೆದವು. 2012ರ ಫೆಬ್ರುವರಿಯಲ್ಲಿ ಕಾರಣ ಸಿಕ್ಕಿತು. ಕಾಲ ಅಳೆಯುವ ವ್ಯವಸ್ಥೆಯ ಬೆಳಕಿನ ಎಳೆಯ ಕೇಬಲೊಂದರ ಕನೆಕ್ಟರು ಪೂರ್ತಿ ಬಿಗಿಯಾಗಿ ಕುಳಿತಿರಲಿಲ್ಲ! ಅದು ತಾಮ್ರದ ಪಿನ್ನಲ್ಲ, ನಿಜ. ಆದರೂ ಆ ಸುದ್ದಿ ಓದಿದ ದಿನ ನನ್ನ ಮಗಳು ಮನೆಯ ತುಂಬ ನಗುತ್ತಾ ಓಡಾಡಿದಳು.

ಕಿಲುಬಿನ ವಿಷಯ ಹೇಳಬೇಕು. ಪಿನ್ನುಗಳು ಹೆಚ್ಚಾಗಿ ಹಿತ್ತಾಳೆ ಅಥವಾ ಕಂಚಿನ ಜಾತಿಯ ಲೋಹದವು, ಮೇಲೆ ತವರದ ಲೇಪ. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿಯೇ ಇದು. ಜೋಡಿಸಿ ಬಿಡಿಸಿ ಮಾಡಿದಷ್ಟೂ ಕಲಾಯಿ ಸವೆಯುತ್ತದೆ. ಮೊಬೈಲಿನ ಟೈಪ್-ಸಿ ಚಾರ್ಜಿಂಗ್ ಕಿಂಡಿಯನ್ನು 10,000 ಸಲ ಹಾಕಿ ತೆಗೆಯುವುದಕ್ಕೆಂದು ರೂಪಿಸಿರುತ್ತಾರೆ. ಯಂತ್ರದ ಒಳಗಿನ ಕಲಾಯಿ ಪಿನ್ನುಗಳಿಗೆ ಆ ಆಯುಷ್ಯವಿಲ್ಲ, ಕೆಲವು ಹತ್ತು ಸಲಗಳಷ್ಟೆ. ಆಟಕ್ಕೆಂದು ಒಂದೇ ಕಪ್ಲರನ್ನು ದಿನವಿಡೀ ಬಿಚ್ಚಿ ಹಾಕುವುದು ಬೇಡ. ಒಮ್ಮೆ ನಾನು ಹಸಿರುಗಟ್ಟಿದ ಪಿನ್ನಿಗೆ ಹುಣಸೆಹಣ್ಣು ಉಜ್ಜಲು ಹೊರಟಿದ್ದೆ. ದೇವರ ದೀಪಕ್ಕೆ ಆಗುವುದು ಇದಕ್ಕೇಕೆ ಆಗದು ಎಂಬ ತರ್ಕ. ದೀಪವನ್ನು ತೊಳೆದು ಒರೆಸಬಹುದು. ಪಿನ್ನಿನ ಮಡಿಕೆಯೊಳಗೆ ಇಳಿದ ಹುಳಿ ಅಲ್ಲೇ ಉಳಿದು ತಾಮ್ರವನ್ನು ತಿನ್ನುತ್ತದೆ ಎಂದು ಮಗಳು ತಡೆದಳು. ಅದಕ್ಕೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಮೆತ್ತನೆಯ ಬ್ರಷ್ಷು ಸಾಕು. ಕಿಲುಬು ವೈರಿನ ಹೊದಿಕೆಯೊಳಗೂ ಹತ್ತಿದ್ದರೆ ಆ ಪಿನ್ನಿನ ಆಸೆ ಬಿಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸಿನವು, ಜೆ.ಸಿ. ರಸ್ತೆಯಲ್ಲಿ ವಾಹನಗಳವು ಹುಡುಕಿದರೆ ಸಿಗುತ್ತವೆ. ಬಿಡಿ ಪಿನ್ನಿನ ಬೆಲೆ ಒಂದು ಲೋಟ ಚಹಾಕ್ಕಿಂತ ಕಡಿಮೆ.

ತಂದೆತಾಯಿಯರಿಗೆ ಎರಡು ಮಾತು, ಗಟ್ಟಿಯಾಗಿ ಹೇಳುತ್ತೇನೆ. ಈ ಕೆಲಸ ಸತ್ತ ಯಂತ್ರಗಳ ಮೇಲೆ, ಬ್ಯಾಟರಿ ತೆಗೆದ ಆಟಿಕೆಗಳ ಮೇಲೆ ಮಾತ್ರ. ಗೋಡೆಯ 230 ವೋಲ್ಟಿಗೆ ಸಿಕ್ಕಿಸಿದ ಯಾವುದರ ಮೇಲೂ ಬೇಡ. ಮೈಕ್ರೊವೇವ್ ಓವನ್ನು, ಹಳೆಯ ಡಬ್ಬ ಟಿ.ವಿ., ಇನ್ವರ್ಟರುಗಳನ್ನು ಪ್ಲಗ್ಗು ಕಿತ್ತಿಟ್ಟಿದ್ದರೂ ಮಕ್ಕಳ ಕೈಗೆ ಕೊಡಬೇಡಿ, ಅವುಗಳೊಳಗೆ ಕೊಲ್ಲುವಷ್ಟು ವಿದ್ಯುತ್ತು ಅಡಗಿ ಕೂತಿರಬಹುದು. ಬೈಕು ಅಥವಾ ಕಾರಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಬೇಕು. ಕಾರಿನಲ್ಲಿ ಹಳದಿ ಬಣ್ಣದ ಕಪ್ಲರು ಏರ್‌ಬ್ಯಾಗಿನದು, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ದಪ್ಪ ವೈರು ನೂರಾರು ವೋಲ್ಟಿನದು. ಎರಡನ್ನೂ ಮುಟ್ಟುವಂತಿಲ್ಲ. ಡ್ರೋನು, ರಿಮೋಟ್ ವಿಮಾನ ಮಾಡುವ ಹುಡುಗರ ಲಿಥಿಯಂ ಬ್ಯಾಟರಿಗೆ ಸ್ವಿಚ್ಚೇ ಇರುವುದಿಲ್ಲ, ಅದರ ಬಿಳಿಯ ಗೂಡಿನ ಪ್ರತಿ ಪಿನ್ನೂ ಸದಾ ಜೀವಂತ. ಎರಡು ಪಿನ್ನುಗಳು ಹೊರಬಂದು ಒಂದಕ್ಕೊಂದು ತಾಗಿದರೆ ಬೆಂಕಿಯೇ. ಅದರ ಕೆಲಸ ಬಲ್ಲವರ ಕೈಯಲ್ಲೇ ಇರಲಿ.

ಇಷ್ಟು ಬಿಟ್ಟರೆ ಮಿಕ್ಕದ್ದಕ್ಕೆ ಹೆದರಬೇಕಾಗಿಲ್ಲ. ಅಟ್ಟದ ಮೇಲಿನ ಕೆಟ್ಟ ಪ್ರಿಂಟರನ್ನು ಗುಜರಿಯವನಿಗೆ ಹಾಕುವ ಮುನ್ನ ಒಂದು ಭಾನುವಾರ ಮಕ್ಕಳ ಮುಂದೆ ಇಡಿ. ಕನ್ನಡಕ, ಟಾರ್ಚು, ಎರಡು ಸೂಜಿ, ಒಂದು ನೋಟ್‌ಬುಕ್ಕು ಸಾಕು. ಮಧ್ಯೆ ಬಾಯಿ ಹಾಕದೆ ಕೂರುವುದು ನಿಮ್ಮ ಪಾಲಿನ ಕಷ್ಟ.

ನನ್ನ ಮಗಳು ಈಗ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಕಪ್ಲರಿಗೂ ಅವಳ ಕೆಲಸಕ್ಕೂ ಏನೇನೂ ಸಂಬಂಧವಿಲ್ಲ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ನಮ್ಮ ಕಾರಿನ ಹಿಂದಿನ ದೀಪ ಒಂದು ಹತ್ತುತ್ತಿರಲಿಲ್ಲ. ಬ್ಯಾಟರಿ ಬಿಚ್ಚಿ, ಡಿಕ್ಕಿ ತೆರೆದು ಕಪ್ಲರು ತೆಗೆದು ನೋಡಿದರೆ ಒಂದು ಪಿನ್ನು ಹಸಿರುಗಟ್ಟಿದೆ. ನಾನು ಇಕ್ಕಳ ತಂದು ಆ ವೈರನ್ನು ಹಿಡಿದೆ. ಅವಳು ಅಮ್ಮನ ಸೆರಗಿನಿಂದ ಪಿನ್ನು ಬಿಚ್ಚಿಕೊಳ್ಳುತ್ತಾ ನನ್ನ ಕೈ ಹಿಡಿದು ನಿಲ್ಲಿಸಿದಳು.

‘ಎಳೀಬೇಡ ಅಪ್ಪಾ. ಮೊದಲು ಒಳಗೆ ತಳ್ಳು.’